ತಪ್ಪಾಯ್ತು ಎನ್ನುವ ಹಾಗಿರಲಿಲ್ಲ

ಚಳ್ಳಕೆರೆಯಲ್ಲಿ ನನ್ನದೊಂದು ಶಾಮಿಯಾನದ ಅಂಗಡಿ ಇದೆ. ಮದುವೆ, ನಾಮಕರಣ, ತಿಥಿ, ಶಾಲೆಯ ವಾರ್ಷಿಕೋತ್ಸವ, ಏನೇ ಇರಲಿ, ಬಟ್ಟೆ, ಕಂಬ, ಕುರ್ಚಿ, ಅಡುಗೆ ಪಾತ್ರೆ ನಮ್ಮಲ್ಲಿ ಬಾಡಿಗೆಗೆ ಸಿಗುತ್ತವೆ. ಬೋರ್ಡಿನ ಮೇಲೆ ಯಜಮಾನರ ಹೆಸರಿದೆ, ಗಾಡಿ ಓಡಿಸುವವರೂ ಅವರೇ. ಆದರೆ ಕಂಬ ಎಲ್ಲಿ ನಿಲ್ಲಬೇಕು, ಹಗ್ಗ ಎಲ್ಲಿಗೆ ಬಿಗಿಯಬೇಕು ಎನ್ನುವುದು ನನ್ನ ಮಾತು. ಕುರಿ ಸಾಕುವ ಮನೆಯಲ್ಲಿ ಹುಟ್ಟಿದವಳು ನಾನು. ಗೂಟ, ಹಗ್ಗ, ಗಂಟು ಇವೆಲ್ಲ ಅಕ್ಷರಕ್ಕಿಂತ ಮೊದಲೇ ಕೈಗೆ ಬಂದವು. “ನೀನು ಹಾಕಿದ ಗಂಟು ಬಿಚ್ಚೋಕೆ ಇನ್ನೊಂದು ಜನ್ಮ ಬೇಕು” ಎಂದು ಯಜಮಾನರು ರೇಗಿಸುತ್ತಾರೆ. ನಾನು ಬಾಯಿ ತೆಗೆದರೆ ಮುಚ್ಚಿಸುವುದಕ್ಕೂ ಅಷ್ಟೇ ಕಾಲ ಬೇಕೆನ್ನುವುದು ಅವರ ಅಭಿಪ್ರಾಯ. ಅದನ್ನು ಅವರು ಬಾಯಿ ಬಿಟ್ಟು ಹೇಳಿಲ್ಲ, ಬುದ್ಧಿವಂತರು.

ವಿಮೆಯ ಸಹವಾಸ ನನಗೆ ಬಂದದ್ದು ಒಂದು ಸರ್ಕಾರಿ ಸಮಾರಂಭದ ದೆಸೆಯಿಂದ. ಪೆಂಡಾಲ್ ಹಾಕುವವರು ಇಂಥದೊಂದು ಪಾಲಿಸಿಯ ಪ್ರತಿ ಲಗತ್ತಿಸಬೇಕು ಎಂದು ಆಫೀಸಿನವರು ಕಾಗದ ಕೊಟ್ಟರು. ಅದನ್ನು ಹಿಡಿದು ನಾನು ಹೋದದ್ದು ನಮ್ಮ ಮೇಷ್ಟ್ರ ಮನೆಗೆ. ಏಳನೇ ಕ್ಲಾಸಿನಲ್ಲಿ ನನಗೆ ಗಣಿತ ಹೇಳಿದವರು, ನಿವೃತ್ತರಾದ ಮೇಲೆ ವಿಮೆ ಏಜೆಂಟಾಗಿದ್ದಾರೆ. ಅವರ ಮುಂದೆ ಕೂತರೆ ಈಗಲೂ ನನಗೆ ಮಗ್ಗಿ ಒಪ್ಪಿಸಬೇಕೇನೋ ಎನ್ನುವ ಅಂಜಿಕೆ.

“ನನ್ನ ಬಟ್ಟೆ ಸುಟ್ಟೋದ್ರೆ ಇದ್ರಲ್ಲಿ ಏನಾದ್ರೂ ಬರ್ತೈತಾ ಮೇಷ್ಟ್ರೇ?”

“ಇಲ್ಲ.”

“ಕುರ್ಚಿ ಕಳುವಾದ್ರೆ?”

“ಅದಕ್ಕೆ ಬೇರೆ ಪಾಲಿಸಿ ಐತಮ್ಮ. ಇದು ನಿನ್ನ ಮಾಲಿಗಲ್ಲ. ನಿನ್ನ ಮಾಲಿನಿಂದ ಇನ್ನೊಬ್ರಿಗೆ ಪೆಟ್ಟಾದ್ರೆ, ನಷ್ಟ ಆದ್ರೆ, ನಿನ್ನ ಪರವಾಗಿ ಕಂಪನಿ ಅವರಿಗೆ ಕಟ್ಟಿಕೊಡ್ತೈತೆ. ಹೊಣೆಗಾರಿಕೆ ವಿಮೆ ಅಂತಾರೆ.”

“ಅಂದ್ರೆ ವರ್ಷಾ ವರ್ಷಾ ಕಟ್ಟೋಳು ನಾನು, ತಗಳೋರು ಯಾರೋ?”

“ಹೂಂ.”

“ಚೆನ್ನಾಗೈತೆ ಬಿಡಿ ನಿಮ್ಮ ಲೆಕ್ಕ!”

ಕೆಲಸ ಬೇಕಿತ್ತು, ಮಾಡಿಸಿದೆ. ಯಜಮಾನರಿಗಂತೂ ಅದು ಬಹಳ ದಿನ ತಲೆಗೆ ಹತ್ತಲಿಲ್ಲ. ಕಂಡವರ ಕೈಕಾಲಿಗೆ ನಾವ್ಯಾಕೆ ವಿಮೆ ಮಾಡಿಸಬೇಕು ಎಂದು ಊಟಕ್ಕೆ ಕೂತಾಗಲೆಲ್ಲ ಕೇಳಿದರು. ನನಗೆ ಮಾತ್ರ ಎರಡು ದಿನ ಕಳೆದ ಮೇಲೆ ಅದು ಅಷ್ಟೇನೂ ಹೊಸದಲ್ಲ ಅನಿಸಿತು. ನಮ್ಮಪ್ಪ ಒಂದು ಕಾಗದವೂ ಇಲ್ಲದೆ ಇದನ್ನೇ ಮಾಡುತ್ತಿದ್ದ.

ನನ್ನ ತವರು ಉಳ್ಳಾರ್ತಿ ಕಾವಲಿನ ಅಂಚಿನ ಹಳ್ಳಿ. ಈಗ ಅಲ್ಲಿ ಹುಲ್ಲಿಗಿಂತ ಕಾಂಪೌಂಡು ಹೆಚ್ಚು, ಆಗ ಕಣ್ಣು ಹಾಯುವವರೆಗೂ ಬಯಲು. ಕಾವಲಿನಿಂದ ಹಟ್ಟಿಗೆ ಬರುವ ದಾರಿಯ ಎರಡೂ ಕಡೆ ಶೇಂಗಾ ಹೊಲ. ಎಷ್ಟೇ ಹುಷಾರಾಗಿದ್ದರೂ ವರ್ಷಕ್ಕೊಮ್ಮೆಯಾದರೂ ಕುರಿ ಯಾರದಾದರೂ ಹೊಲಕ್ಕೆ ನುಗ್ಗುತ್ತಿದ್ದವು. ಆಗ ಅಪ್ಪ ಮಂದೆಯನ್ನು ಅವ್ವನಿಗೆ ಒಪ್ಪಿಸಿ, ಕೈಕಾಲು ತೊಳೆದು, ಸೀದಾ ಆ ಹೊಲದವರ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. “ತಪ್ಪಾಯ್ತು, ಹೊಟ್ಟೆಗಾಕ್ಕಳ್ರಿ” ಅನ್ನುತ್ತಿದ್ದ. ಅಷ್ಟೇ ಮಾತು. ಆಮೇಲೆ ಪೈರು ಕಿತ್ತ ಹೊಲದಲ್ಲಿ ಅವರು ಹೇಳಿದಷ್ಟು ದಿನ ನಮ್ಮ ಕುರಿ ತರುಬಬೇಕು, ಎಂದರೆ ಮಂದೆಯನ್ನು ಅಲ್ಲೇ ಮಲಗಿಸಿ ಹಿಕ್ಕೆಯ ಗೊಬ್ಬರ ಬೀಳಿಸಬೇಕು. ತಿಂದದ್ದಕ್ಕಿಂತ ಗೊಬ್ಬರದ ಬೆಲೆಯೇ ಜಾಸ್ತಿಯಾಗಿ, “ಮುಂದಿನ ವರ್ಷಾನೂ ನುಗ್ಗಿಸಪ್ಪ” ಎಂದು ನಗುತ್ತಿದ್ದವರೂ ಇದ್ದರು.

ಇದರಲ್ಲಿ ಒಂದೇ ಕಟ್ಟಳೆ. ಹೊಲದವರು ಹುಡುಕಿಕೊಂಡು ಬರುವ ಮೊದಲೇ ನಾವು ಹೋಗಿ ಹೇಳಿರಬೇಕು. ಅವರು ಬಂದು ಕೇಳಿದ ಮೇಲೆ ಹೇಳಿದರೆ ಅದು ತಪ್ಪೊಪ್ಪಿಗೆಯಲ್ಲ, ಸಿಕ್ಕಿಬಿದ್ದವನ ಗೋಳು. ಈ ಕಟ್ಟಳೆ ನನ್ನ ರಕ್ತದಲ್ಲಿದೆ. ಮುಂದೆ ನಾನು ಪಟ್ಟ ಪಾಡಿಗೆಲ್ಲ ಅದೇ ಕಾರಣ.

ಪಾಲಿಸಿಯನ್ನು ಎರಡನೆಯ ಸಲ ನವೀಕರಿಸಿದ ವರ್ಷ ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಒಂದು ಮದುವೆ ಬಂತು. ಆ ಊರಲ್ಲಿ ಶಾಮಿಯಾನ ಹಾಕುವುದು ನಮ್ಮ ಕಸುಬಿನವರಿಗೆ ಒಂದು ಪರೀಕ್ಷೆ. ಸುತ್ತ ಬಂಡೆ ಬೆಟ್ಟ, ಬೀದಿಯಲ್ಲೂ ಒಂದು ಗೇಣು ಅಗೆದರೆ ಕಲ್ಲು. ಗೂಟ ಇಳಿಯುವುದಿಲ್ಲ. ಅದಕ್ಕೇ ನಾವು ಸಿಮೆಂಟು ತುಂಬಿದ ಡಬ್ಬಗಳನ್ನು ಒಯ್ದು ಅವಕ್ಕೆ ಹಗ್ಗ ಬಿಗಿಯುತ್ತೇವೆ. ಆ ದಿನ ಒಂದು ಡಬ್ಬ ಕಡಿಮೆ ಬಿತ್ತು. ಗಾಡಿಗೆ ಏರಿಸುವಾಗ ಎಣಿಸಬೇಕಾದವಳು ನಾನೇ, ಎಣಿಸಿರಲಿಲ್ಲ.

ಮೂಲೆಯ ಕಂಬದ ಹತ್ತಿರ ಟ್ರ್ಯಾಕ್ಟರಿಗೆ ಕಟ್ಟಿದ ಒಂದು ನೀರಿನ ಟ್ಯಾಂಕರ್ ನಿಂತಿತ್ತು. ಮದುವೆ ಮನೆಯ ಡ್ರಮ್ಮುಗಳಿಗೆ ನೀರು ಬಿಡುತ್ತಿದ್ದರು. ಚಕ್ರಕ್ಕೆ ಕಲ್ಲು ಬೇರೆ ಕೊಟ್ಟಿದ್ದರು. ಇದು ಸದ್ಯಕ್ಕೆ ಕದಲುವುದಿಲ್ಲ, ಅಷ್ಟರಲ್ಲಿ ಬೇರೆ ವ್ಯವಸ್ಥೆ ಮಾಡಿದರಾಯಿತು ಎಂದುಕೊಂಡು ಆ ಟ್ಯಾಂಕರಿನ ಕೊಂಡಿಗೆ ಹಗ್ಗ ಕಟ್ಟಿದೆ. ಚಾಲಕನಿಗೆ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವ ನನ್ನ ನಾಲಗೆ ಬೇಕಾದಾಗಲೇ ಮಲಗಿತ್ತು.

ಚಪ್ಪರದ ಶಾಸ್ತ್ರಕ್ಕೆ ಬೀದಿಯ ಹೆಂಗಸರು ಸೇರಿದ್ದರು. ಎದುರು ಮನೆಯ ನೇಕಾರ ಹೆಣ್ಣುಮಗಳೊಬ್ಬಳು ಮೂಲೆಯ ಕಂಬಕ್ಕೆ ಮಾವಿನ ತೋರಣ ಕಟ್ಟುತ್ತಿದ್ದಳು. ನೀರು ಖಾಲಿಯಾಯಿತು, ಚಾಲಕ ಕಲ್ಲು ತೆಗೆದ, ಟ್ರ್ಯಾಕ್ಟರ್ ಹೊರಟಿತು. ನನ್ನ ಗಂಟು ಬಿಚ್ಚಲಿಲ್ಲ. ಹಗ್ಗ ಎಳೆದ ಎಳೆತಕ್ಕೆ ಕಬ್ಬಿಣದ ಕಂಬ ಬುಡ ಸಮೇತ ಎದ್ದು ಅವಳ ಕಡೆಗೆ ಬಿತ್ತು. ತಲೆಗೆ ಬೀಳಬೇಕಾದದ್ದಕ್ಕೆ ಅವಳು ಬಲಗೈ ಅಡ್ಡ ಹಿಡಿದಳು.

ಮಿಕ್ಕ ಯಾರಿಗೂ ಒಂದು ಗೀರೂ ಆಗಲಿಲ್ಲ. ಅವಳ ಮಣಿಕಟ್ಟು ಮಾತ್ರ ನೋಡನೋಡುತ್ತಲೇ ಊದಿತು. ಊರಿನ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿ, ಮೂಳೆ ಡಾಕ್ಟರಿಗೆ ತೋರಿಸಿ ಎಂದರು. ನಮ್ಮ ಗಾಡಿಯಲ್ಲೇ ಚಳ್ಳಕೆರೆಗೆ ಕರೆತಂದೆವು. ಮುಂದೆ ಯಜಮಾನರು, ನಡುವೆ ಅವಳು, ಈಚೆಗೆ ನಾನು. ಅವಳ ಗಂಡ ಹಿಂದೆ ಕುರ್ಚಿಗಳ ಸಂದಿಯಲ್ಲಿ ನಿಂತುಕೊಂಡ. ಎಲುಬು ಮುರಿದಿದೆ, ಆರು ವಾರ ಸಿಮೆಂಟು ಪಟ್ಟಿ, ಆಮೇಲೆ ನೋಡೋಣ ಎಂದರು ಡಾಕ್ಟರು. “ಮಗ್ಗಕ್ಕೆ ಕೂರಬಹುದಾ ಸಾ?” ಎಂದು ಅವಳು ಕೇಳಿದಳು. “ಆಮೇಲೆ ನೋಡೋಣ” ಎಂದು ಅವರು ಮತ್ತೊಮ್ಮೆ ಹೇಳಿದರು. ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು.

ಸಂಜೆ ಮೇಷ್ಟ್ರಿಗೆ ಫೋನ್ ಮಾಡಿದೆ. ನಡೆದದ್ದನ್ನು ಕೇಳಿದವರು, “ಮೊದ್ಲು ನಿನ್ನ ಬಾಯಿಗೆ ಬೀಗ ಹಾಕಮ್ಮ” ಎಂದರು. ಪಾಲಿಸಿಯಲ್ಲಿ ಒಂದು ಷರತ್ತು ಇದೆಯಂತೆ. ಕಂಪನಿಯ ಒಪ್ಪಿಗೆ ಇಲ್ಲದೆ ನಾವು ಹೊಣೆ ಒಪ್ಪಿಕೊಳ್ಳಬಾರದು, ಇಷ್ಟು ಕೊಡುತ್ತೇನೆ ಎಂದು ಮಾತು ಕೊಡಬಾರದು. ಕೊಟ್ಟರೆ ಕಂಪನಿ ನಮ್ಮ ಕೈ ಬಿಡಬಹುದು, ಆಗ ಆ ಹೆಣ್ಣುಮಗಳಿಗೂ ಏನೂ ದಕ್ಕುವುದಿಲ್ಲ.

“ಹೋಗಿ ಮಾತಾಡಿಸ್ಕಂಡು ಬರಬಹುದಾ?”

“ಧಾರಾಳವಾಗಿ ಹೋಗು. ಔಷಧಿ ಖರ್ಚು ನೋಡ್ಕ, ರಸೀತಿ ಇಟ್ಕ. ತಪ್ಪಿನ ಮಾತು ಮಾತ್ರ ಬ್ಯಾಡ.”

“ತಪ್ಪಾಯ್ತು ಅಂತ ಒಂದು ಮಾತೂ ಅನ್ನಂಗಿಲ್ವಾ ಮೇಷ್ಟ್ರೇ?”

“ಅದನ್ನೇ ಮೊದ್ಲು ಅನ್ನಂಗಿಲ್ಲ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಫೈಲು ಮುಗಿಯೋ ತನಕ ತಡ್ಕ.”

“ಇದನ್ನ ಬರೆದೋರು ಮನುಷ್ಯರೇನಾ?” ಎಂದು ಕೇಳಿ ಫೋನ್ ಇಟ್ಟೆ. ಅವರು ಬರೆದದ್ದಲ್ಲವಲ್ಲ, ಪಾಪ. ಆದರೆ ಸಿಟ್ಟು ಬಂದಾಗ ಹತ್ತಿರ ಇದ್ದವರ ಮೇಲೇ ಹೋಗಬೇಕು.

ಎರಡು ದಿನ ಬಿಟ್ಟು ಬಾಳೆಹಣ್ಣು, ಬ್ರೆಡ್ಡು ಹಿಡಿದು ಮೊಳಕಾಲ್ಮೂರಿಗೆ ಬಸ್ಸು ಹತ್ತಿದೆ. ಅವಳ ಮನೆ ಎಂದರೆ ಮಗ್ಗವೇ ಮನೆ. ನಡುಮನೆಯಲ್ಲಿ ಎರಡು ಗುಂಡಿ ಮಗ್ಗ, ಒಂದು ಗಂಡನದು, ಒಂದು ಅವಳದು. ಗೋಡೆ ಪಕ್ಕ ಅತ್ತೆಯ ಮಂಚ. ಗಂಡನ ಮಗ್ಗ ಟಕಟಕ ಎನ್ನುತ್ತಿತ್ತು. ಅವಳ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ, ಅದರ ಮೇಲೆ ಧೂಳು ಕೂರದಂತೆ ಹಳೆಯ ಪಂಚೆ ಹೊದಿಸಿದ್ದರು. ಉಳಿದ ಅರ್ಧವನ್ನು ಗಂಡನೇ ನೇಯಬಾರದೇ ಎಂದು ಕೇಳಿದೆ. ಹಾಗಾಗುವುದಿಲ್ಲವಂತೆ. ನೇಯ್ದ ಎಳೆಯನ್ನು ಒತ್ತಲು ಒಬ್ಬೊಬ್ಬರು ಅಚ್ಚು ಬಡಿಯುವ ಏಟು ಒಂದೊಂದು ತರಹ, ಕೈ ಬದಲಾದ ಜಾಗ ಬಟ್ಟೆಯಲ್ಲಿ ಗೆರೆ ಎಳೆದಂತೆ ಕಾಣುತ್ತದಂತೆ. ಶುರು ಮಾಡಿದ ಕೈಯೇ ಮುಗಿಸಬೇಕು. ಆ ಕೈ ಸಿಮೆಂಟಿನೊಳಗೆ ಕೂತಿತ್ತು, ಅದು ಮೊದಲಿನಂತೆ ಹೊರಗೆ ಬರುತ್ತದೆಯೇ ಎಂದು ಯಾರಿಗೂ ಗೊತ್ತಿರಲಿಲ್ಲ.

ಕಾಫಿ ಕೊಟ್ಟರು. ನಾನು ಬಿಸಿಲಿನ ಮಾತಾಡಿದೆ. ನೀರಿನ ಮಾತಾಡಿದೆ. ನಮ್ಮೂರಲ್ಲಿ ಶೇಂಗಾ ಎಣ್ಣೆ ಏರಿದ್ದರ ಮಾತಾಡಿದೆ. ಬಾಯಲ್ಲಿ ಕಡುಬು ತುರುಕಿಕೊಂಡಂತೆ ಒಂದು ಮಾತು ಮಾತ್ರ ಒಳಗೂ ಹೋಗದೆ ಹೊರಗೂ ಬರದೆ ಕೂತಿತ್ತು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಕಾಯುತ್ತಿದ್ದರು ಎನ್ನುವುದು ನನಗೆ ಗೊತ್ತು. ನಾನೂ ಅಂಥ ಮನೆಯವಳೇ, ಅವರ ಜಾಗದಲ್ಲಿದ್ದರೆ ನಾನೂ ಅದೇ ಮಾತಿಗೆ ಕಾಯುತ್ತಿದ್ದೆ.

“ಬೇರೆ ಏನಾದ್ರೂ ಹೇಳಾಕೆ ಬಂದಿದ್ದೇನಮ್ಮಾ?” ಎಂದು ಕೊನೆಗೆ ಅವರೇ ಕೇಳಿದರು.

“ಇಲ್ಲವ್ವಾ. ನೋವು ಹೆಂಗೈತೆ ಅಂತ ಕೇಳ್ಕಂಡು ಹೋಗಾಣ ಅಂತ...”

ಅವರು ಮಗನ ಕಡೆ ತಿರುಗಿ ತೆಲುಗಿನಲ್ಲಿ, “ಈಯಮ್ಮಕು ಮಾಟ ರಾದಾ?” ಅಂದರು. ಈ ಅಮ್ಮನಿಗೆ ಮಾತು ಬರುವುದಿಲ್ಲವಾ ಎಂದು. ಚಳ್ಳಕೆರೆಯವಳಿಗೆ ಅಷ್ಟು ತೆಲುಗು ತಿಳಿಯುವುದಿಲ್ಲ ಎಂದುಕೊಂಡರೋ, ತಿಳಿಯಲಿ ಎಂದೇ ಅಂದರೋ. ಜೀವಮಾನದಲ್ಲಿ ಮೊದಲ ಸಲ ಒಬ್ಬರು ನನಗೆ ಮಾತು ಬರುವುದಿಲ್ಲ ಎಂದರು. ಬಸ್‌ಸ್ಟ್ಯಾಂಡಿನವರೆಗೆ ಕಣ್ಣೊರೆಸಿಕೊಳ್ಳುತ್ತಾ ನಡೆದೆ.

ಮುಂದಿನ ವಾರ ಮತ್ತೆ ಹೋದೆ. ಹೋಗದೆ ಇರಲು ಆಗಲಿಲ್ಲ. ಈ ಸಲ ಗಂಡನ ಮಗ್ಗವೂ ನಿಂತಿತ್ತು. ಅವನಿಗೆ ಬೇಕಾದ ರೇಷ್ಮೆ ಎಳೆಯನ್ನು ರಾಟೆಯಲ್ಲಿ ಸಣ್ಣ ಕೊಳವೆಗಳಿಗೆ ಸುತ್ತಿಕೊಡುತ್ತಿದ್ದವಳು ಇವಳು. ಈಗ ಅತ್ತೆ ಸುತ್ತಬೇಕು, ಅವರಿಗೆ ಕಣ್ಣು ಮಂಜು. ಒಂದು ಕೊಳವೆ ತುಂಬುವಷ್ಟರಲ್ಲಿ ಮಗ ಒಂದು ಬೀಡಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕುತ್ತಿದ್ದ.

“ಈಚೆಗೆ ಕೊಡವ್ವಾ, ನಮ್ಮನೇಲಿ ಕಂಬಳಿ ನೂಲು ತೆಗೆದೋಳು ನಾನು” ಎಂದು ರಾಟೆಯ ಮುಂದೆ ಕೂತೆ. ಜಂಬಕ್ಕೇನೂ ಕಡಿಮೆಯಿಲ್ಲ. ಆದರೆ ಉಣ್ಣೆಯೇ ಬೇರೆ, ರೇಷ್ಮೆಯೇ ಬೇರೆ. ಕಂಬ ಹೊತ್ತು, ಹಗ್ಗ ಎಳೆದು ಸೀಳುಬಿಟ್ಟ ನನ್ನ ಬೆರಳಿಗೆ ಎಳೆಯೆಲ್ಲ ಸಿಕ್ಕಿಕೊಂಡು ಜುಂಗೆದ್ದು ಬಂತು. ಅತ್ತೆ ಮಂಚದಿಂದಲೇ ನಕ್ಕರು. “ಅದು ಕಂಬ ಎತ್ತೋ ಕೈ ಕಣಮ್ಮಾ, ರೇಷ್ಮೆ ಹಿಡಿಯೋ ಕೈಯಲ್ಲ” ಎಂದವರು ಬಚ್ಚಲಿಗೆ ಕಳಿಸಿ, ಹಿಮ್ಮಡಿ ತಿಕ್ಕುವ ಕಲ್ಲು ಕೊಟ್ಟು, ಬೆರಳು ನುಣ್ಣಗಾಗುವವರೆಗೆ ಉಜ್ಜಿಕೊಂಡು ಬಾ ಎಂದರು. ಉಜ್ಜಿದೆ. ಆ ದಿನ ಸಂಜೆಯೊಳಗೆ ಆರು ಕೊಳವೆ ಸುತ್ತಿದೆ, ಅದರಲ್ಲಿ ನಾಲ್ಕು ಬಳಕೆಗೆ ಬಂದವು.

ಆಮೇಲೆ ಅದು ಅಭ್ಯಾಸವೇ ಆಯಿತು. ಕೆಲಸವಿಲ್ಲದ ದಿನ ಬೆಳಗಿನ ಬಸ್ಸಿಗೆ ಹೋಗಿ ಕೂತರೆ ಸಂಜೆಯ ಬಸ್ಸಿಗೆ ವಾಪಸ್ಸು. ಅವಳು ಎಡಗೈಯಲ್ಲಿ ತಪ್ಪು ತೋರಿಸುತ್ತಿದ್ದಳು, ನಾನು ಬೈದುಕೊಂಡು ತಿದ್ದುತ್ತಿದ್ದೆ. ನನ್ನನ್ನು ಅಕ್ಕಾ ಎನ್ನಲು ಶುರು ಮಾಡಿದಳು. ನಿಜ ಹೇಳಬೇಕೆಂದರೆ ಆ ವಾರಗಳಲ್ಲಿ ನನಗೆ ಅಲ್ಲಿ ಕೂರುವುದೇ ಸುಖವಾಗಿತ್ತು. ಮದುವೆ ಮನೆಗಳ ಗದ್ದಲದಲ್ಲೇ ಜೀವ ಸವೆಸಿದವಳಿಗೆ, ಮಗ್ಗದ ಒಂದೇ ಸಮನೆ ಸದ್ದಿನ ಪಕ್ಕದಲ್ಲಿ ರಾಟೆ ತಿರುಗಿಸುತ್ತಾ ಕೂರುವುದು ಹೊಸ ರುಚಿ ಹತ್ತಿಸಿತ್ತು. ಮೇಷ್ಟ್ರಿಗೆ ವಿಷಯ ತಿಳಿದು, “ಇದೂ ಒಂಥರಾ ಒಪ್ಪಿಗೇನೇ ಆಗ್ತೈತಲ್ಲಮ್ಮ” ಎಂದು ಹಣೆ ಚಚ್ಚಿಕೊಂಡರು. “ರಾಟೆ ತಿರುಗಿಸಬ್ಯಾಡ ಅಂತ ಪಾಲಿಸೀಲಿ ಎಲ್ಲೈತೆ ತೋರ್ಸಿ ಮೇಷ್ಟ್ರೇ” ಎಂದೆ. ಅವರು ನಿಜವಾಗಿಯೂ ಕನ್ನಡಕ ಹಾಕಿಕೊಂಡು ಹುಡುಕಿದರು.

ಆದರೂ ಪ್ರತಿ ಸಲ ಅವಳ ಸಿಮೆಂಟು ಕೈ ನೋಡಿದಾಗ ಆ ಮಾತು ಗಂಟಲಿಗೆ ಬರುತ್ತಿತ್ತು. ನುಂಗುತ್ತಿದ್ದೆ. ಹುಡುಕಿಕೊಂಡು ಬರುವ ಮೊದಲೇ ಹೇಳಬೇಕಾದ ಮಾತು ದಿನದಿಂದ ದಿನಕ್ಕೆ ಹಳಸುತ್ತಿತ್ತು. ಇಷ್ಟೆಲ್ಲ ಮಾಡುವ ಹೆಂಗಸು ಆ ಒಂದು ಮಾತು ಮಾತ್ರ ಆಡುವುದಿಲ್ಲವಲ್ಲ, ಎಂಥ ಜಂಬ ಎಂದು ಆ ಮನೆಯವರು ಅಂದುಕೊಳ್ಳುತ್ತಿದ್ದಾರೆ ಎಂದೇ ನನ್ನ ನಂಬಿಕೆ.

ಪಟ್ಟಿ ಬಿಚ್ಚುವ ಮೊದಲು ಕಂಪನಿಯಿಂದ ಒಬ್ಬರು ವಿಚಾರಣೆಗೆ ಬರುವುದು ಗೊತ್ತಾಯಿತು. ಮೇಷ್ಟ್ರು ಅವಳ ಗಂಡನಿಗೆ ಫೋನ್ ಮಾಡಿ, “ಸಾಹೇಬ್ರು ವಿಚಾರಣೆಗೆ ಬರ್ತಾರೆ, ಮನೇಲಿರಿ” ಎಂದು ಹೇಳಿದರು. ಅಷ್ಟೇ ಹೇಳಿದ್ದು. ಆ ಒಂದು ಪದ ಇಡೀ ಬೀದಿಯನ್ನು ಕೆಡಿಸಿತು. ವಿಚಾರಣೆ ಎಂದರೆ ಅವರಿಗೆ ಗೊತ್ತಿದ್ದದ್ದು ಪೊಲೀಸರದೊಂದೇ. ರಾಟೆ ಸುತ್ತಿಕೊಡುವ ಅಕ್ಕನ ಮೇಲೆ ಕೇಸು ಹಾಕಲು ಯಾರೋ ಬರುತ್ತಿದ್ದಾರೆ ಎಂದು ತಿಳಿದು, ಬೀದಿಯೆಲ್ಲ ಸೇರಿ ನನ್ನನ್ನು ಉಳಿಸುವ ತೀರ್ಮಾನ ಮಾಡಿತ್ತು. ಇದು ನನಗೂ ಗೊತ್ತಿಲ್ಲ, ಮೇಷ್ಟ್ರಿಗೂ ಗೊತ್ತಿಲ್ಲ.

ಸಾಹೇಬರು ಬಂದರು. ಸಣ್ಣ ವಯಸ್ಸಿನ, ಸಭ್ಯ ಮನುಷ್ಯ, ಕೈಯಲ್ಲಿ ಫೈಲು. ನಾನು, ಮೇಷ್ಟ್ರು ಒಂದು ಕಡೆ ಕೂತೆವು. ಬಾಗಿಲ ತುಂಬ ಬೀದಿಯ ಜನ.

“ಕಂಬ ಹೆಂಗೆ ಬಿತ್ತಮ್ಮ?” ಎಂದು ಅವರು ಅವಳನ್ನು ಕೇಳಿದರು.

“ಕಂಬ ಬೀಳ್ಲೇ ಇಲ್ಲ ಸಾ” ಎಂದಳು ಅವಳು. “ನಾನೇ ಹೋಗಿ ಕಂಬಕ್ಕೆ ಕೈ ಬಡಿಸ್ಕಂಡೆ.”

ಸಾಹೇಬರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಅತ್ತೆ ಸೇರಿಸಿದರು, “ಅವಳಿಗೆ ಕಣ್ಣು ಸರಿಯಾಗಿ ಕಾಣಂಗಿಲ್ಲ ಸ್ವಾಮಿ, ಮೊದ್ಲಿಂದಾನೂ.”

ಸಾಹೇಬರು ಎದ್ದು ಹೋಗಿ ಅವಳ ಮಗ್ಗದ ಮೇಲಿನ ಪಂಚೆ ಸರಿಸಿದರು. ಕೂದಲೆಳೆಯಷ್ಟು ಸಣ್ಣ ರೇಷ್ಮೆಯಲ್ಲಿ ಸಾಲು ಸಾಲು ಹೂವಿನ ಅಂಚು. “ಇದನ್ನ ನೇಯ್ದೋರು ಯಾರು?”

“ನಾನೇ ಸಾ” ಎಂದು ಅಭಿಮಾನದಿಂದ ಹೇಳಿದ ಮೇಲೆ ಅವಳು ನಾಲಗೆ ಕಚ್ಚಿಕೊಂಡಳು.

“ಟ್ಯಾಂಕರಿಗೆ ಹಗ್ಗ ಕಟ್ಟಿದ್ರು ಅಂತ ಮೇಷ್ಟ್ರು ಕಳಿಸಿದ ಕಾಗದದಲ್ಲಿ ಬರೆದೈತಲ್ಲ?”

“ಅವತ್ತು ಟ್ಯಾಂಕರೇ ಬಂದಿರ್ಲಿಲ್ಲ ಸಾ” ಎಂದ ಅವಳ ಗಂಡ. “ನಾವೆಲ್ಲ ಬಿಂದಿಗೇಲೇ ತಂದಿದ್ದು” ಎಂದಿತು ಬಾಗಿಲಿನ ಗುಂಪು.

ಇವರಿಗೇನಾಗಿದೆ ಎಂದು ಹೊಳೆಯುವಷ್ಟರಲ್ಲಿ ಸಾಹೇಬರು ಪೆನ್ನು ಮುಚ್ಚಿ, “ಎಲ್ಲಾ ಇವರದ್ದೇ ಅಜಾಗರೂಕತೆ ಅಂದ್ಮೇಲೆ ಕಂಪನಿಯಿಂದ ಇವರಿಗೆ ಏನೂ ಕೊಡಾಕಾಗಲ್ಲ ಮೇಷ್ಟ್ರೇ. ಬರೆದು ಮುಗಿಸ್ತೀನಿ” ಎಂದರು. ಮೇಷ್ಟ್ರು ನನ್ನ ಸೆರಗು ಹಿಡಿದು ಜಗ್ಗಿದರು, ನನ್ನ ಬುದ್ಧಿ ಅವರಿಗೆ ಏಳನೇ ಕ್ಲಾಸಿನಿಂದ ಗೊತ್ತು. ಆದರೆ ಆಗಲೇ ಎದ್ದು ನಿಂತಿದ್ದೆ.

“ಎಲ್ಲಾ ಸುಳ್ಳು ಸಾಹೇಬ್ರೇ! ಒಂದು ಮಾತೂ ನಂಬಬ್ಯಾಡ್ರಿ. ಟ್ಯಾಂಕರು ಬಂದಿತ್ತು. ಡಬ್ಬ ಎಣಿಸದೆ ಬಂದೋಳು ನಾನು. ಅದರ ಕೊಂಡಿಗೆ ಹಗ್ಗ ಬಿಗಿದಿದ್ದು ಈ ಕೈ. ಡ್ರೈವರಿಗೆ ಒಂದು ಮಾತು ಹೇಳ್ಲಿಲ್ಲ. ಇವಳು ತೋರಣ ಕಟ್ತಾ ನಿಂತಿದ್ಲು, ಅಷ್ಟೇ. ಕೈ ಅಡ್ಡ ಹಿಡೀದೆ ಇದ್ದಿದ್ರೆ ತಲೆ ಹೋಗ್ತಿತ್ತು. ಈಗ ನನ್ನ ಪಾಲಿಸಿ ಹರಿದು ಹಾಕ್ತೀರಾ? ಹಾಕ್ರಿ!”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಕೇಳಿದ್ದೆವು. ನಾನು ಕುಂಬಳಕಾಯಿಯನ್ನೇ ಹೊತ್ತುಕೊಂಡು ಬಂದು ಮುಂದಿಟ್ಟಿದ್ದೆ.

ಸಾಹೇಬರು ನಕ್ಕರು. “ಕೂತ್ಕಳಮ್ಮ. ಏನು ನಡೀತು ಅನ್ನೋದನ್ನೇ ನಾನು ಕೇಳ್ತಿರೋದು. ನಡೆದಿದ್ದನ್ನ ನಡೆದಂಗೆ ಹೇಳೋಕೆ ಯಾವ ಷರತ್ತೂ ಅಡ್ಡ ಇಲ್ಲ. ಹೊಣೆ ಯಾರದು, ಎಷ್ಟು ಅನ್ನೋದನ್ನ ಕಂಪನಿ ನೋಡ್ಕಳ್ತೈತೆ. ಅಜಾಗರೂಕತೆ ಆಗ್ತೈತೆ ಅಂತಾನೇ ಈ ಪಾಲಿಸಿ ಇರೋದು.” ಆಮೇಲೆ ಮನೆಯವರ ಕಡೆ ತಿರುಗಿ, ಕೇಸು ಹಾಕಲು ತಾವು ಬಂದಿಲ್ಲ, ಪರಿಹಾರ ಬಂದರೆ ಅದು ಈ ಹೆಣ್ಣುಮಗಳಿಗೇ ಬರುತ್ತದೆ, ಶಾಮಿಯಾನದ ಅಮ್ಮನ ಕೈಯಿಂದ ಹೋಗುವುದಿಲ್ಲ ಎಂದು ನಿಧಾನವಾಗಿ ಬಿಡಿಸಿ ಹೇಳಿದರು.

“ಅಯ್ಯೋ, ಮೊದ್ಲೇ ಹೇಳಬಾರದಾ ಸ್ವಾಮಿ!” ಎಂದರು ಅತ್ತೆ.

ಅಲ್ಲಿಂದ ಮುಂದೆ ನಿಜಕ್ಕೆ ಬರವಿರಲಿಲ್ಲ. ಟ್ಯಾಂಕರಿನ ಬಣ್ಣ, ಬಂದ ಹೊತ್ತು, ಹೊರಟ ಹೊತ್ತು, ಎಲ್ಲ ಬಂತು. “ಹಗ್ಗದ ಗಂಟು ಅಂದ್ರೆ ಎಂಥಾ ಗಂಟು ಸಾ, ಕುಡುಗೋಲು ತಂದು ಕೊಯ್ಯಬೇಕಾಯ್ತು” ಎಂದು ಒಬ್ಬರು ಹೇಳಿದಾಗ ನನಗೆ ಸ್ವಲ್ಪ ಜಾಸ್ತಿಯಾಯಿತು ಅನಿಸಿತು. ಅವಳಿಗೆ ಕಣ್ಣು ಹದ್ದಿನ ಕಣ್ಣು ಎಂದು ಅತ್ತೆಯೇ ಒಪ್ಪಿಕೊಂಡರು.

ಹೊರಡುವ ಮುಂಚೆ ಸಾಹೇಬರು ಅವಳಿಗೆ ಒಂದು ಕೊನೆಯ ಪ್ರಶ್ನೆ ಕೇಳಿದರು. “ಇದು ನಡೆದ ಮೇಲೆ ಈ ಅಮ್ಮ ನಿಮ್ಮತ್ರ ಯಾವತ್ತಾದ್ರೂ ತನ್ನ ತಪ್ಪು ಅಂತ ಒಪ್ಕಂಡು, ಇಷ್ಟು ಕೊಡ್ತೀನಿ ಅಂತ ಮಾತು ಕೊಟ್ಟಿದ್ರಾ?”

ಅವಳು ನನ್ನ ಕಡೆ ಒಂದು ಸಲ ನೋಡಿ, “ಇಲ್ಲ ಸಾ, ಯಾವತ್ತೂ ಇಲ್ಲ” ಎಂದಳು.

ಮೇಷ್ಟ್ರ ಮುಖ ಅರಳಿತು. ಪಾಲಿಸಿಗೆ ಅದೇ ಬೇಕಾದ ಉತ್ತರ. ನನಗೋ ನೆಲ ಬಾಯಿ ಬಿಡಬಾರದೇ ಅನಿಸಿತು. ಅಷ್ಟು ಜನರ ಮುಂದೆ, ಯಾವತ್ತೂ ಇಲ್ಲ ಎಂದು ಅವಳ ಬಾಯಿಂದಲೇ ಬಂದಿತ್ತು, ಕಾಗದದ ಮೇಲೂ ಬಿದ್ದಿತ್ತು.

ಆಮೇಲಿನದೆಲ್ಲ ಒಳ್ಳೆಯದೇ ಆಯಿತು. ಪಟ್ಟಿ ಬಿಚ್ಚಿದರು. ಕೆಲವು ವಾರ ಅವಳು ಬೆಚ್ಚನೆಯ ನೀರಿನಲ್ಲಿ ಕೈ ಇಟ್ಟು, ಹಳೆಯ ಬಟ್ಟೆಯ ಉಂಡೆ ಹಿಸುಕಿ ಹೇಗೋ ಬೆರಳುಗಳನ್ನು ಬಳುಕಿಸಿದಳು. ತಿಂಗಳುಗಳ ನಂತರ ಕಂಪನಿಯಿಂದ ಪರಿಹಾರ ಬಂತು, ಚಿಕಿತ್ಸೆಗೂ ಮಗ್ಗ ನಿಂತ ದಿನಗಳಿಗೂ ಸೇರಿಸಿ, ಅವಳ ಖಾತೆಗೇ. ಮೇಷ್ಟ್ರು ಫೋನ್ ಮಾಡಿ, “ಫೈಲು ಮುಗೀತು. ಇನ್ನು ನಿನ್ನ ಬಾಯಿ ನಿನ್ನದು” ಎಂದರು. ಯಜಮಾನರು ಈಗ ಯಾರು ಸಿಕ್ಕರೂ, ಸೌಂಡ್ ಸಿಸ್ಟಮ್ಮಿನವರು, ಅಡುಗೆ ಕಂಟ್ರಾಕ್ಟಿನವರು, ಎಲ್ಲರಿಗೂ ಹೊಣೆಗಾರಿಕೆ ವಿಮೆ ಮಾಡಿಸಿ ಎಂದು ಉಪದೇಶ ಮಾಡುತ್ತಾರೆ. ಮೊದಲಿನಿಂದಲೂ ಅವರ ಅಭಿಪ್ರಾಯ ಅದೇ ಆಗಿತ್ತಂತೆ.

ಫೋನ್ ಬಂದ ಮಾರನೆಯ ದಿನ ಬೆಳಿಗ್ಗೆಯೇ ಮೊಳಕಾಲ್ಮೂರಿಗೆ ಹೋದೆ. ಬೀದಿಯ ತಿರುವಿನಲ್ಲೇ ಕೇಳಿಸಿತು, ಎರಡೂ ಮಗ್ಗದ ಸದ್ದು. ಬಾಗಿಲಲ್ಲಿ ನಿಂತು ಮೊದಲು ಅವಳ ಕೈಯನ್ನೇ ನೋಡಿದೆ. ಅವಳು ಲಾಳಿ ಓಡಿಸಿ, ಬಲಗೈಯಲ್ಲಿ ಅಚ್ಚನ್ನು ಎಳೆದು ಬಡಿದಳು. ಮತ್ತೊಮ್ಮೆ ಬಡಿದಳು. ಏಟು ಗಟ್ಟಿಯಾಗಿಯೇ ಬೀಳುತ್ತಿತ್ತು.

“ಬನ್ನಿ ಅಕ್ಕಾ” ಎಂದಳು, ಕೈ ನಿಲ್ಲಿಸದೆ.

ನಾನು ಅವಳ ಮಗ್ಗದ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಅತ್ತೆ ಮಂಚದ ಮೇಲಿದ್ದರು, ಅವರೂ ಕೇಳಲಿ ಎಂದೇ ಸ್ವಲ್ಪ ಜೋರಾಗಿ ಹೇಳಿದೆ. “ನೋಡಮ್ಮ, ಆವತ್ತೇ ಹೇಳಬೇಕಿತ್ತು. ಹೇಳಂಗಿರ್ಲಿಲ್ಲ. ಅದೆಷ್ಟು ದಿನ ನುಂಗಿದ್ದೀನೋ ನಂಗೇ ಗೊತ್ತು. ತಪ್ಪಾಯ್ತು.”

ಅವಳು ಮಗ್ಗ ನಿಲ್ಲಿಸಿ ನನ್ನನ್ನು ವಿಚಿತ್ರವಾಗಿ ನೋಡಿದಳು. “ಇದೇನಕ್ಕಾ ಹೊಸದಾಗಿ ಹೇಳ್ತಿದ್ದೀರಾ? ಅವತ್ತು ಗಾಡೀಲಿ ಕೂತಾಗಿಂದ ಚಳ್ಳಕೆರೆ ಮುಟ್ಟೋ ತನಕ ನೀವು ಆಡಿದ್ದು ಅದೊಂದೇ ಮಾತಲ್ವಾ. ತಪ್ಪಾಯ್ತು, ತಪ್ಪಾಯ್ತು ಅಂತ. ನಾನು ಒಂದು, ಎರಡು ಅಂತ ಎಣಿಸ್ತಾ ಹೋದೆ. ತಳಕು ಊರು ದಾಟೋ ಹೊತ್ತಿಗೆ ಲೆಕ್ಕ ತಪ್ಪಿತು, ನೋವೂ ಮರೆತೋಗಿತ್ತು. ಅತ್ತೆಗೆ ಅವತ್ತೇ ಹೇಳಿದೀನಿ.”

ಆ ಗಾಬರಿಯಲ್ಲಿ ಗಾಡಿಯಲ್ಲಿ ಏನು ಆಡಿದ್ದೆನೋ ನನಗೊಂದೂ ನೆನಪಿರಲಿಲ್ಲ. ನಾನು ಅತ್ತೆಯ ಕಡೆ ನೋಡಿದೆ. “ಹೇಳಿದ್ಲು” ಎಂದರು ಅವರು. “ಅಷ್ಟು ಹೇಳಿದೋಳು ಮನೆಗೆ ಬಂದಾಗ ಬಿಸಿಲು, ಎಣ್ಣೆ ಅಂತಿದ್ದೀಯಲ್ಲ, ಮಾತೆಲ್ಲ ಗಾಡೀಲೇ ಖರ್ಚಾಗೋಯ್ತೇನೋ ಅಂದ್ಕಂಡೆ.”

“ಮತ್ತೆ ಸಾಹೇಬ್ರು ಕೇಳಿದಾಗ ಯಾವತ್ತೂ ಇಲ್ಲ ಅಂದ್ಯಲ್ಲೇ ನೀನು?”

“ನಂದು ತಪ್ಪು ಅಂತ ಒಪ್ಕಂಡು ದುಡ್ಡು ಕೊಡ್ತೀನಿ ಅಂದ್ರಾ ಅಂತ ಕೇಳಿದ್ರು. ನೀವು ಹಂಗೆಲ್ಲಿ ಅಂದ್ರಿ? ನೀವಂದಿದ್ದು ತಪ್ಪಾಯ್ತು ಅಂತ. ಆಯ್ತು ಅಂದ್ರೆ ಆಯ್ತು, ಯಾರದು ಅಂತ ಅದ್ರಲ್ಲಿ ಎಲ್ಲೈತಕ್ಕಾ?”

ಗಣಿತದ ಮೇಷ್ಟ್ರಿಗೂ, ಕಂಪನಿಯವರಿಗೂ, ನನಗೂ ಹೊಳೆಯದ್ದು ಅದು. ಇಷ್ಟು ತಿಂಗಳ ಭಾರ ಒಮ್ಮೆಗೇ ಇಳಿದು ನನಗೆ ಅಳು ನುಗ್ಗಿ ಬಂತು. ತಡೆದುಕೊಳ್ಳಲು ಆಗಲಿಲ್ಲ.

ಅವಳು ತಟ್ಟನೆ ಎಡಗೈ ಚಾಚಿ ನನ್ನ ಭುಜ ಹಿಡಿದು ಹಿಂದಕ್ಕೆ ತಳ್ಳಿದಳು. “ಅಕ್ಕಾ, ದೂರ ದೂರ! ರೇಷ್ಮೆ ಮೇಲೆ ನೀರು ಬಿದ್ರೆ ಕಲೆ ಹೋಗಲ್ಲ.”

ನಾನು ಮಗ್ಗದಿಂದ ಒಂದು ಮಾರು ಆಚೆ ಸರಿದು, ಗೋಡೆಗೊರಗಿ ಕೂತು, ಬೇಕಾದಷ್ಟು ಅತ್ತುಕೊಂಡೆ. ಅವಳು ಮಗ್ಗ ಮುಂದುವರಿಸಿದಳು.